ಮಿದುಳಿನ ಅಮೈನುಗಳೂ ಅರಿವಳಿಕೆಯ ಶೈತ್ಯವೂ

ಹೊರಗಿನ ಚಳಿಬಿಸಿಲುಗಳು ಹೇಗಿದ್ದರೂ ಉಷ್ಣರಕ್ತ ಪ್ರಾಣಿಗಳ ಶರೀರವು ತನ್ನ ಒಳತಾಪವನ್ನು ಒಂದು ನೆಲೆಯಲ್ಲಿಯೇ ಉಳಿಸಿಕೊಳ್ಳುವುದು. ಮನುಷ್ಯನಲ್ಲಿ ಈ ನೆಲೆಯು ಸುಮಾರು 37 ಡಿಗ್ರಿ ಸೆಂಟಿಗ್ರೇಡು. ಅದಕ್ಕಿಂತ ಕೊಂಚ ಏರಿದರೆ ಬೆವರು, ಕೊಂಚ ಇಳಿದರೆ ಚರ್ಮದ ರಕ್ತನಾಳಗಳ ಸಂಕೋಚ, ಇನ್ನೂ ಇಳಿದರೆ ನಡುಕ. ಹೀಗೆ ಒಂದಾದಮೇಲೊಂದು ಉಪಾಯವು ತಾನಾಗಿಯೇ ಕಾರ್ಯಪ್ರವೃತ್ತವಾಗುವುದು. ಆದರೆ ಅರಿವಳಿಕೆಯ ಔಷಧವು ದೇಹವನ್ನು ಹೊಕ್ಕೊಡನೆ ಈ ವ್ಯವಸ್ಥೆಯು ಸಡಿಲಗೊಳ್ಳುವುದು. ಶಸ್ತ್ರಚಿಕಿತ್ಸೆಯ ಮೊದಲನೆಯ ಗಂಟೆಯಲ್ಲಿಯೇ ರೋಗಿಯ ಒಳತಾಪವು 1ರಿಂದ 1.5 ಡಿಗ್ರಿಯಷ್ಟು ಇಳಿಯುವುದು ಸಾಮಾನ್ಯವಾದ ಸಂಗತಿ. ರೋಗಿಯು ಎಚ್ಚರಗೊಳ್ಳುವಾಗ ಮೈಯೆಲ್ಲ ನಡುಗುವುದೂ ಅಷ್ಟೇ ಸಾಮಾನ್ಯ. ಈ ಶೈತ್ಯಕ್ಕೂ ಈ ನಡುಕಕ್ಕೂ ಮೂಲವೆಲ್ಲಿ ಎಂಬ ಪ್ರಶ್ನೆಗೆ 1960ರ ದಶಕದಲ್ಲಿ ಒಂದು ಸುಂದರವಾದ ಉತ್ತರವು ಹುಟ್ಟಿತು. ಆ ಉತ್ತರದಲ್ಲಿ ಎಷ್ಟು ಭಾಗ ನಿಂತಿತು, ಎಷ್ಟು ಭಾಗ ಬಿದ್ದಿತು ಎಂಬುದನ್ನು ವಿಚಾರಮಾಡುವುದೇ ಪ್ರಕೃತ ವಿಮರ್ಶೆಯ ಉದ್ದೇಶ.

1. ವಾದದ ಸ್ವರೂಪ

ಈ ವಾದದ ಪ್ರವರ್ತಕರು ವಿಲ್ಹೆಲ್ಮ್ ಫೆಲ್ಡ್‌ಬರ್ಗ್ ಎಂಬ ವಿದ್ವಾಂಸರು. ಇವರು 1900ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಜನಿಸಿದವರು. 1933ರಲ್ಲಿ ನಾಜಿ ಸರ್ಕಾರವು ಯೆಹೂದ್ಯರನ್ನು ವಿದ್ಯಾಸಂಸ್ಥೆಗಳಿಂದ ಹೊರಹಾಕಿದಾಗ ಬರ್ಲಿನನ್ನು ಬಿಟ್ಟು ಇಂಗ್ಲೆಂಡಿಗೆ ಬಂದು ಸರ್ ಹೆನ್ರಿ ಡೇಲ್ ಅವರ ಆಶ್ರಯದಲ್ಲಿ ಕೆಲಸಮಾಡಿದವರು. ನರಗಳು ತಮ್ಮ ಆಜ್ಞೆಯನ್ನು ರಾಸಾಯನಿಕ ದ್ರವ್ಯಗಳ ಮೂಲಕ ಸಾಗಿಸುವುವೆಂಬ ಸಿದ್ಧಾಂತವು ಸ್ಥಿರಪಟ್ಟುದರಲ್ಲಿ ಇವರ ಪಾಲು ದೊಡ್ಡದು. ದೇಹದ ನರಗಳ ವಿಷಯದಲ್ಲಿ ಫಲಿಸಿದ ಆ ದೃಷ್ಟಿಯನ್ನೇ ಇವರು ಮುಂದೆ ಲಂಡನ್ನಿನ ಮಿಲ್ ಹಿಲ್‌ನ ಸಂಶೋಧನಾಲಯದಲ್ಲಿ ಮಿದುಳಿನ ಕಡೆಗೆ ತಿರುಗಿಸಿದರು.

ಕಾಲವೂ ಅನುಕೂಲವಾಗಿದ್ದಿತು. 1954ರಲ್ಲಿ ಎಡಿನ್‌ಬರೋದಲ್ಲಿ ಮಾರ್ಥೆ ಫೋಗ್ಟ್ ಎಂಬ ವಿದುಷಿಯು, ನಾರಡ್ರಿನಲಿನ್ ಎಂಬ ದ್ರವ್ಯವು ಮಿದುಳಿನಲ್ಲಿ ಎಲ್ಲೆಡೆಯೂ ಸಮನಾಗಿ ಹರಡಿಲ್ಲವೆಂದೂ, ಮಿದುಳಿನ ತಳದಲ್ಲಿರುವ ಹೈಪೋತಲಮಸ್ಸಿನಲ್ಲಿ ವಿಶೇಷವಾಗಿ ಸಂಗ್ರಹವಾಗಿದೆಯೆಂದೂ ತೋರಿಸಿದರು. ಅದೇ ವರ್ಷ ಅಮೀನ್, ಕ್ರಾಫರ್ಡ್, ಗ್ಯಾಡಮ್ ಎಂಬವರು ಸೆರೊಟೋನಿನ್ ವಿಷಯದಲ್ಲಿಯೂ ಇದೇ ಬಗೆಯ ಹಂಚಿಕೆಯನ್ನು ಕಂಡರು. ಶರೀರತಾಪವನ್ನು ಆಳುವ ಕೇಂದ್ರವು ಹೈಪೋತಲಮಸ್ಸು ಎಂಬುದು ಅಷ್ಟು ಹೊತ್ತಿಗೆ ಸರ್ವಸಮ್ಮತವಾಗಿದ್ದಿತು. ಆಳುವ ಸ್ಥಾನವೂ ಒಂದೇ, ಈ ಅಮೈನುಗಳ ಉಗ್ರಾಣವೂ ಒಂದೇ ಆದಮೇಲೆ ಇವೆರಡಕ್ಕೂ ಸಂಬಂಧವಿರಬೇಕೆಂಬ ಊಹೆ ಸಹಜವಾಗಿಯೇ ಹುಟ್ಟಿತು.

ಫೆಲ್ಡ್‌ಬರ್ಗ್ ಅವರು ಅಮೆರಿಕದ ರಾಬರ್ಟ್ ಮೈಯರ್ಸ್ ಅವರೊಡನೆ ಸೇರಿ 1963ರಲ್ಲಿಯೂ 1964ರಲ್ಲಿಯೂ ಪ್ರಕಟಿಸಿದ ಲೇಖನಗಳು ಈ ಊಹೆಯನ್ನು ವಾದವನ್ನಾಗಿ ಮಾಡಿದುವು. ಮಿದುಳಿನೊಳಗಿನ ಕುಹರಗಳಿಗೆ ಸಣ್ಣ ನಳಿಗೆಯ ಮೂಲಕ ದ್ರವ್ಯಗಳನ್ನು ಸೇರಿಸುವ ವಿಧಾನವು ಇವರದು. ಎಚ್ಚರವಾಗಿರುವ ಬೆಕ್ಕಿಗೆ ಸೆರೊಟೋನಿನ್ ಸೇರಿಸಿದರೆ ಮೈ ನಡುಗಿ ತಾಪವು ಏರಿ ಗಂಟೆಗಟ್ಟಲೆ ಹಾಗೆಯೇ ನಿಲ್ಲುವುದು. ಅಡ್ರಿನಲಿನ್ ಅಥವಾ ನಾರಡ್ರಿನಲಿನ್ ಸೇರಿಸಿದರೆ ತಾಪವು ಇಳಿಯುವುದು, ಏರಿದ ಜ್ವರವೂ ಇಳಿಯುವುದು. ಇದರಿಂದ ಅವರು ತೆಗೆದ ನಿರ್ಣಯವೆಂದರೆ, ಹೈಪೋತಲಮಸ್ಸಿನಲ್ಲಿ ಬಿಡುಗಡೆಯಾಗುವ ಈ ಎರಡು ಪಂಗಡದ ಅಮೈನುಗಳ ಸಮತೂಕವೇ ಶರೀರದ ತಾಪಮಾನವೆಂಬುದು.

ಅರಿವಳಿಕೆಗೂ ಈ ವಾದದಲ್ಲಿ ಮೊದಲಿನಿಂದಲೇ ಸ್ಥಾನವಿದ್ದಿತು. ಕುಹರಕ್ಕೆ ಅಡ್ರಿನಲಿನ್ ಸೇರಿಸಿದ ಬೆಕ್ಕು ಲಘುವಾದ ಪೆಂಟೊಬಾರ್ಬಿಟೋನ್ ಅರಿವಳಿಕೆಯಲ್ಲಿ ಇರುವಂತೆಯೇ ಮಂಕಾಗುವುದೆಂದು ಫೆಲ್ಡ್‌ಬರ್ಗ್ ಮತ್ತು ಶೆರ್‌ವುಡ್ 1954ರಲ್ಲಿಯೇ ವರ್ಣಿಸಿದ್ದರು. ಪೆಂಟೊಬಾರ್ಬಿಟೋನಿನಿಂದ ಚೇತರಿಸಿಕೊಳ್ಳುವ ಬೆಕ್ಕಿನ ನಡುಕವು ಇದೇ ಬಗೆಯ ಅಮೈನಿನಿಂದ ನಿಂತುಹೋಗುವುದೆಂದು 1960ರಲ್ಲಿ ಡೋಮರ್ ಅವರೊಡನೆ ನಡೆಸಿದ ಪ್ರಯೋಗವು ತಿಳಿಸಿತು. 1964ರಲ್ಲಿ ಅರಿವಳಿಕೆಯಲ್ಲಿರುವ ಬೆಕ್ಕುಗಳ ತಾಪವನ್ನೇ ವಿಷಯವಾಗಿಟ್ಟುಕೊಂಡ ಪ್ರತ್ಯೇಕ ಲೇಖನವೊಂದು ಹೊರಬಂದಿತು. ಅರಿವಳಿಕೆಯ ಔಷಧಗಳು ಹೈಪೋತಲಮಸ್ಸಿನಲ್ಲಿ ನಾರಡ್ರಿನಲಿನ್ ಮುಂತಾದುವನ್ನು ಬಿಡುಗಡೆಮಾಡಿ, ಆ ಮೂಲಕ ಶರೀರವನ್ನು ತಣ್ಣಗಾಗಿಸುವುವೆಂದು ಊಹಿಸುವುದಕ್ಕೆ ಇದರಿಂದ ದಾರಿಯಾಯಿತು.

ವಾದದ ಗುಣವನ್ನು ಮೊದಲು ಒಪ್ಪಿಕೊಳ್ಳುವುದು ನ್ಯಾಯ. ಅಲ್ಲಿಯವರೆಗೆ ತಾಪಕೇಂದ್ರವೆಂಬುದು ನಕ್ಷೆಯ ಮೇಲಿನ ಒಂದು ಚುಕ್ಕೆಯಾಗಿದ್ದಿತು. ಆ ಕೇಂದ್ರವು ಯಾವ ದ್ರವ್ಯದ ಮೂಲಕ ಮಾತಾಡುವುದು ಎಂಬ ಪ್ರಶ್ನೆಯನ್ನು ಪರೀಕ್ಷೆಗೆ ಸಿಕ್ಕುವ ರೂಪದಲ್ಲಿ ಮುಂದಿಟ್ಟವರು ಇವರು. ತಪ್ಪೆಂದು ತೋರಿಸಬಹುದಾದಷ್ಟು ಸ್ಪಷ್ಟವಾಗಿ ಮಾತಾಡುವುದು ಶಾಸ್ತ್ರದಲ್ಲಿ ಸಣ್ಣ ಗುಣವಲ್ಲ.

2. ಪ್ರಾಣಿಭೇದದ ಆಕ್ಷೇಪ

ಮೊದಲನೆಯ ಆಕ್ಷೇಪವು ಬೇರೆ ಪ್ರಾಣಿಗಳಿಂದಲೇ ಬಂದಿತು. ನಾಯಿ ಮತ್ತು ಕೋತಿಗಳು ಬೆಕ್ಕಿನ ಪಕ್ಷವನ್ನು ಹಿಡಿದುವೆಂದು ಫೆಲ್ಡ್‌ಬರ್ಗ್, ಹೆಲ್ಲನ್, ಲೊಟ್ಟಿ 1967ರಲ್ಲಿ ವರದಿಮಾಡಿದರು. ಆದರೆ ಅದಕ್ಕೆ ಮುಂಚೆಯೇ, 1965ರಲ್ಲಿ, ಕೂಪರ್, ಕ್ರ್ಯಾನ್‌ಸ್ಟನ್, ಹಾನರ್ ಎಂಬವರು ಮೊಲಗಳಲ್ಲಿ ನಾರಡ್ರಿನಲಿನ್ ತಾಪವನ್ನು ಏರಿಸುವುದೆಂದು ಕಂಡಿದ್ದರು. 1966ರಲ್ಲಿ ಬ್ಲೈ ಅವರು ಕುರಿಗಳನ್ನು ಪರೀಕ್ಷಿಸಲು ಅಲ್ಲಿ ಸೆರೊಟೋನಿನ್ ತಾಪವನ್ನು ಇಳಿಸಿತು. ಬೆಕ್ಕಿನಲ್ಲಿ ಬೆಂಕಿಯಾದುದು ಕುರಿಯಲ್ಲಿ ನೀರಾಯಿತು. ಹಾಗಾದರೆ ಸಮತೂಕದ ತಕ್ಕಡಿಯು ಒಂದೇ ಆಗಿದ್ದು ತಟ್ಟೆಗಳು ಮಾತ್ರ ಅದಲುಬದಲಾಗಿವೆಯೆ? ಇಲ್ಲವೆ, ತಕ್ಕಡಿಯೆಂಬ ಕಲ್ಪನೆಯೇ ದೋಷಯುಕ್ತವೆ?

ಈ ಸಂದೇಹಕ್ಕೆ 1971ರಲ್ಲಿ ಬ್ಲೈ, ಕಾಟ್ಲ್, ಮ್ಯಾಸ್ಕ್ರಿ ಎಂಬವರ ಪ್ರಯೋಗಗಳು ಒಳ್ಳೆಯ ಬೆಳಕನ್ನು ಕೊಟ್ಟುವು. ಕುರಿ, ಆಡು, ಮೊಲಗಳನ್ನು ಬೇರೆ ಬೇರೆ ಉಷ್ಣತೆಯ ಕೋಣೆಗಳಲ್ಲಿ ಇಟ್ಟು ಅದೇ ದ್ರವ್ಯಗಳನ್ನು ಸೇರಿಸಿದಾಗ, ಪರಿಣಾಮವು ಸುತ್ತಣ ಹವೆಗೆ ತಕ್ಕಂತೆ ಬದಲಾಯಿಸಿತು. ಚಳಿಯಲ್ಲಿರುವ ಪ್ರಾಣಿಯು ಶಾಖವನ್ನು ಉತ್ಪತ್ತಿಮಾಡುತ್ತಿರುವುದು; ಆ ಕೆಲಸವನ್ನು ಒಂದು ದ್ರವ್ಯವು ತಡೆದರೆ ತಾಪವು ಇಳಿಯುವುದು. ಸೆಕೆಯಲ್ಲಿರುವ ಪ್ರಾಣಿಯು ಶಾಖವನ್ನು ಹೊರಹಾಕುತ್ತಿರುವುದು. ಅದೇ ದ್ರವ್ಯವು ಆ ಕೆಲಸವನ್ನು ತಡೆದರೆ ತಾಪವು ಏರುವುದು. ಆದುದರಿಂದ ಒಂದು ದ್ರವ್ಯಕ್ಕೆ ‘ತಾಪವರ್ಧಕ’ವೆಂದಾಗಲಿ ‘ತಾಪಹಾರಿ’ಯೆಂದಾಗಲಿ ಹೆಸರಿಡುವುದೇ ಸರಿಯಲ್ಲ. ಪ್ರಾಣಿಯು ಆ ಕ್ಷಣದಲ್ಲಿ ಯಾವ ಉಪಾಯವನ್ನು ಬಳಸುತ್ತಿದ್ದಿತು ಎಂಬುದನ್ನು ತಿಳಿಯದೆ ಉಷ್ಣಮಾಪಕದ ಅಂಕೆಯನ್ನು ಮಾತ್ರ ಓದಿದರೆ ಅರ್ಥವಾಗದು. ಅರಿವಳಿಕೆಯ ವಿಷಯದಲ್ಲಿ ಇದು ಇನ್ನೂ ಮುಖ್ಯ. ಏಕೆಂದರೆ ಅರಿವಳಿಕೆಯಲ್ಲಿರುವ ಪ್ರಾಣಿಯು ಬೇರೆ ಬೇರೆ ಉಪಾಯಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಕಳೆದುಕೊಂಡಿರುವುದು.

3. ಅನ್ವಯವೂ ವ್ಯತಿರೇಕವೂ

ಎರಡನೆಯ ಆಕ್ಷೇಪವು ತರ್ಕಕ್ಕೆ ಸಂಬಂಧಿಸಿದುದು. ಕಾರ್ಯಕಾರಣಭಾವವನ್ನು ನಿಶ್ಚಯಿಸುವುದಕ್ಕೆ ಅನ್ವಯ, ವ್ಯತಿರೇಕ ಎಂಬ ಎರಡು ಪ್ರಮಾಣಗಳನ್ನು ನೈಯಾಯಿಕರು ಕೇಳುವರು: ಕಾರಣವಿದ್ದರೆ ಕಾರ್ಯವಿರಬೇಕು, ಕಾರಣವಿಲ್ಲದಿದ್ದರೆ ಕಾರ್ಯವೂ ಇರಬಾರದು. ಕುಹರಕ್ಕೆ ಅಮೈನು ಸೇರಿಸುವ ಪ್ರಯೋಗವು ಅನ್ವಯವೊಂದನ್ನೇ ತೋರಿಸುವುದು. ಅದೂ ಕೃತಕವಾದ ಅನ್ವಯ. ಹೊರಗಿನಿಂದ ಸುರಿದ ದ್ರವ್ಯವು ಕುಹರದ ಗೋಡೆಯುದ್ದಕ್ಕೂ ಹರಡುವುದು; ನರದ ತುದಿಯಿಂದ ಸಹಜವಾಗಿ ಜಿನುಗುವ ದ್ರವ್ಯವಾದರೋ ತನ್ನ ನಿಯತವಾದ ಸ್ಥಾನವನ್ನು ಮಾತ್ರ ಮುಟ್ಟುವುದು. ಇವೆರಡನ್ನೂ ಒಂದೆಂದು ಭಾವಿಸುವುದು, ಕಾಲುವೆಯ ನೀರಿಗೂ ಕೆರೆ ಒಡೆದ ನೀರಿಗೂ ಭೇದವಿಲ್ಲವೆಂದು ಹೇಳಿದಂತೆ. 1965ರಲ್ಲಿ ಫೆಲ್ಡ್‌ಬರ್ಗ್ ಮತ್ತು ಮೈಯರ್ಸ್ ಅವರು ಹೈಪೋತಲಮಸ್ಸಿನ ಮುಂಭಾಗಕ್ಕೇ ಅತ್ಯಲ್ಪ ಪ್ರಮಾಣವನ್ನು ನೇರವಾಗಿ ಸೇರಿಸಿ ಈ ಆಕ್ಷೇಪದ ಬಿರುಸನ್ನು ತಗ್ಗಿಸಿದರು, ಸಂಪೂರ್ಣವಾಗಿ ಪರಿಹರಿಸಲಿಲ್ಲ.

ವ್ಯತಿರೇಕಕ್ಕೆ ಆಗ ದೊರಕುತ್ತಿದ್ದ ಸಾಧನವು ರೆಸರ್ಪೀನ್. ಇದು ಭಾರತದ ವೈದ್ಯರಿಗೆ ಬಹುಕಾಲದಿಂದ ಪರಿಚಿತವಾದ ಸರ್ಪಗಂಧದ ಬೇರಿನಿಂದ 1952ರಲ್ಲಿ ಬೇರ್ಪಟ್ಟ ದ್ರವ್ಯ. ಆ ಬೇರಿನ ರಕ್ತದೊತ್ತಡಹಾರಿ ಗುಣವನ್ನು 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲರು ಪಾಶ್ಚಾತ್ಯ ವೈದ್ಯಲೋಕದ ಗಮನಕ್ಕೆ ತಂದಿದ್ದರು. ರೆಸರ್ಪೀನ್ ಮಿದುಳಿನ ಅಮೈನುಗಳ ಸಂಗ್ರಹವನ್ನು ಬರಿದುಮಾಡುವುದು. ಪ್ರಾಣಿಯ ಮೈಯೂ ತಣ್ಣಗಾಗುವುದು. ಆದರೆ ಅದು ಸೆರೊಟೋನಿನನ್ನೂ ನಾರಡ್ರಿನಲಿನನ್ನೂ ಒಟ್ಟಿಗೆ ಬರಿದುಮಾಡುವುದರಿಂದ, ಎರಡು ತಟ್ಟೆಗಳೂ ಖಾಲಿಯಾದ ತಕ್ಕಡಿಯ ಮುಳ್ಳು ಯಾವ ಪಕ್ಷಕ್ಕೂ ಸಾಕ್ಷಿಯಾಗದು.

ನಿಜವಾದ ವ್ಯತಿರೇಕವು ದೊರೆತುದು ಬಹಳ ತಡವಾಗಿ. ಮಿದುಳಿನ ಸೆರೊಟೋನಿನ್ ನರಕೋಶಗಳು ಹೆಚ್ಚುಕಡಮೆ ಇಲ್ಲವೇ ಇಲ್ಲವೆನ್ನುವಂತೆ ಹುಟ್ಟಿಸಿದ ಇಲಿಗಳನ್ನು 2008ರಲ್ಲಿ ಪರೀಕ್ಷಿಸಿದಾಗ, ಸಾಧಾರಣ ಹವೆಯಲ್ಲಿ ಅವುಗಳ ತಾಪವು ಸರಿಯಾಗಿಯೇ ಇದ್ದಿತು. ಚಳಿಗೆ ಒಡ್ಡಿದಾಗ ಮಾತ್ರ ತೀವ್ರವಾಗಿ ಕುಸಿಯಿತು. ಇದು ಫೆಲ್ಡ್‌ಬರ್ಗ್ ವಾದಕ್ಕೆ ಅರ್ಧ ಜಯ, ಅರ್ಧ ಅಪಜಯ. ಚಳಿಯ ವಿರುದ್ಧ ಶಾಖವನ್ನು ಉತ್ಪತ್ತಿಮಾಡುವುದಕ್ಕೆ ಸೆರೊಟೋನಿನ್ ಬೇಕೆಂಬುದು ಸಿದ್ಧವಾಯಿತು. ತಾಪದ ನೆಲೆಯನ್ನು ನಿರ್ಧರಿಸುವ ತಟ್ಟೆಯು ಅದೆಂಬುದು ಸಿದ್ಧವಾಗಲಿಲ್ಲ. ಅದರ ಮುಖ್ಯ ಕಾರ್ಯಸ್ಥಾನವೂ ಹೈಪೋತಲಮಸ್ಸಿಗಿಂತ ಬಹಳ ಕೆಳಗೆ, ಮೆಡುಲ್ಲಾ ಭಾಗದಿಂದ ಬೆನ್ನುಹುರಿಗೆ ಇಳಿಯುವ ನರಮಾರ್ಗದಲ್ಲಿ ಇದೆಯೆಂಬುದು ಅನಂತರದ ಸಂಶೋಧನೆಗಳಿಂದ ತಿಳಿದಿದೆ.

ಜ್ವರದ ವಿಷಯದಲ್ಲಂತೂ ವಾದವು ಬೇಗನೆ ಹಿಂದೆಸರಿಯಬೇಕಾಯಿತು. 1970ರಲ್ಲಿ ಮಿಲ್ಟನ್ ಮತ್ತು ವೆಂಡ್‌ಲ್ಯಾಂಟ್ ಅವರು ಪ್ರಾಸ್ಟಗ್ಲ್ಯಾಂಡಿನ್ ಎಂಬ ದ್ರವ್ಯದ ಲವಲೇಶವನ್ನು ಬೆಕ್ಕಿನ ಕುಹರಕ್ಕೆ ಸೇರಿಸಿ ಜ್ವರವನ್ನು ಬರಿಸಿದರು. 1971ರಲ್ಲಿ ವೇನ್ ಅವರು ಆಸ್ಪಿರಿನ್ ಆ ದ್ರವ್ಯದ ಉತ್ಪತ್ತಿಯನ್ನೇ ತಡೆಯುವುದೆಂದು ತೋರಿಸಿದರು. ಇಲ್ಲಿ ಅನ್ವಯವೂ ವ್ಯತಿರೇಕವೂ ಒಂದಾಗಿ ಕೂಡಿದುವು. ತಮ್ಮ ಹಳೆಯ ಕಲ್ಪನೆಯನ್ನು ಹಿಡಿದು ಕುಳಿತುಕೊಳ್ಳದೆ ಫೆಲ್ಡ್‌ಬರ್ಗ್ ಅವರೇ ಪ್ರಾಸ್ಟಗ್ಲ್ಯಾಂಡಿನ್ನಿನ ಸಂಶೋಧನೆಯಲ್ಲಿ ತೊಡಗಿದುದು ಅವರ ಪ್ರಾಮಾಣಿಕತೆಗೆ ಸಾಕ್ಷಿ.

4. ಮಾನವದೇಹದ ಸಾಕ್ಷ್ಯ

ಮೂರನೆಯ ಆಕ್ಷೇಪವು ಎಲ್ಲಕ್ಕಿಂತ ಗುರುತರವಾದುದು. ಅರಿವಳಿಕೆಯೂ ಶರೀರವನ್ನು ತಣ್ಣಗಾಗಿಸುವುದು, ಬೆಕ್ಕಿನ ಕುಹರದಲ್ಲಿ ನಾರಡ್ರಿನಲಿನ್ನೂ ಶರೀರವನ್ನು ತಣ್ಣಗಾಗಿಸುವುದು. ಆದುದರಿಂದ ಅರಿವಳಿಕೆಯು ನಾರಡ್ರಿನಲಿನ್ ಮೂಲಕವೇ ಕೆಲಸಮಾಡುವುದೆಂಬ ಅನುಮಾನದಲ್ಲಿ ವ್ಯಾಪ್ತಿಯೇ ಇಲ್ಲ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಶೈತ್ಯದಿಂದ ಅದರ ಕಾರಣವನ್ನು ಊಹಿಸಲಾಗದು, ಏಕೆಂದರೆ ಶೈತ್ಯಕ್ಕೆ ದಾರಿಗಳು ಹಲವು.

ಆ ದಾರಿ ಯಾವುದೆಂಬುದನ್ನು ಮನುಷ್ಯರಲ್ಲಿಯೇ ಅಳೆದುನೋಡಿದವರಲ್ಲಿ ಡೇನಿಯಲ್ ಸೆಸ್ಲರ್ ಮತ್ತು ಅವರ ಸಹೋದ್ಯೋಗಿಗಳು ಪ್ರಮುಖರು. ಎಚ್ಚರದಲ್ಲಿ ಬೆವರು ಬರುವ ತಾಪಕ್ಕೂ ರಕ್ತನಾಳಗಳು ಸಂಕೋಚಗೊಳ್ಳುವ ತಾಪಕ್ಕೂ ಇರುವ ಅಂತರವು ಸುಮಾರು 0.2 ಡಿಗ್ರಿ ಮಾತ್ರ. ಅರಿವಳಿಕೆಯಲ್ಲಿ ಈ ಅಂತರವು 2ರಿಂದ 4 ಡಿಗ್ರಿಗಳವರೆಗೆ ಅಗಲವಾಗುವುದು. ಬೆವರಿನ ಮೇರೆಯು ಸ್ವಲ್ಪ ಮೇಲೆ ಸರಿಯುವುದು. ಸಂಕೋಚದ ಮತ್ತು ನಡುಕದ ಮೇರೆಗಳು ಬಹಳ ಕೆಳಗೆ ಜಾರುವುವು. ಈ ಅಗಲವಾದ ಬಯಲಿನಲ್ಲಿ ಶರೀರವು ಹೇಳುವವರು ಕೇಳುವವರಿಲ್ಲದೆ ಸುತ್ತಣ ಹವೆಗೆ ಒಳಪಟ್ಟಿರುವುದು.

ಮೊದಲನೆಯ ಗಂಟೆಯ ಇಳಿತದ ರೀತಿಯು ಇನ್ನೂ ಸ್ವಾರಸ್ಯವಾದುದು. ರೋಗಿಯು ಶಾಖವನ್ನು ಕೋಣೆಗೆ ಕಳೆದುಕೊಂಡುದರಿಂದ ಈ ಇಳಿತವಾಯಿತೆಂದು ಯಾರಿಗಾದರೂ ತೋರುವುದು. ಆದರೆ 1995ರಲ್ಲಿ ಮತ್ಸುಕಾವ ಮತ್ತು ಸೆಸ್ಲರ್ ಮೊದಲಾದವರು ಶಾಖದ ಲೆಕ್ಕವನ್ನು ಬಿಡಿಸಿ ನೋಡಲಾಗಿ, ಮೊದಲ ಗಂಟೆಯ ಇಳಿತದಲ್ಲಿ ನೂರಕ್ಕೆ 81 ಭಾಗವು ದೇಹದೊಳಗಿನ ಮರುಹಂಚಿಕೆಯಿಂದಲೇ ಆದುದೆಂದು ಕಂಡುಬಂದಿತು. ರಕ್ತನಾಳಗಳು ಸಡಿಲವಾದೊಡನೆ ಎದೆ, ಹೊಟ್ಟೆ, ತಲೆಗಳ ಶಾಖವು ತಣ್ಣಗಿದ್ದ ಕೈಕಾಲುಗಳಿಗೆ ಹರಿಯುವುದು. ಮನೆಯ ಧಾನ್ಯವು ಮನೆಯಲ್ಲಿಯೇ ಇರುವುದು. ನಡುಮನೆಯಿಂದ ಜಗಲಿಗೆ ಬಂದಿರುವುದು, ಅಷ್ಟೆ. ಶಾಖದ ಉತ್ಪತ್ತಿಯನ್ನು ಆಳುವ ಅಮೈನುಗಳ ತೂಕದಿಂದ ಈ ಸಂಗತಿಯನ್ನು ವಿವರಿಸಲಾಗದು.

ಇಲ್ಲಿ ನಾರಡ್ರಿನಲಿನ್ನಿನ ನಡತೆಯು ವಾದಕ್ಕೆ ನೇರವಾದ ವಿರುದ್ಧ ಸಾಕ್ಷ್ಯವನ್ನೇ ಕೊಡುವುದು. ಕೆಟಮಿನ್ ಎಂಬ ಅರಿವಳಿಕೆಯು ರಕ್ತದಲ್ಲಿ ನಾರಡ್ರಿನಲಿನ್ ಪ್ರಮಾಣವನ್ನು ಏರಿಸಿ ನಾಳಗಳ ಸಂಕೋಚವನ್ನು ಉಳಿಸುವುದು. ಅದರಿಂದ ಪ್ರೊಪೊಫಾಲ್ ಕೊಟ್ಟವರಿಗಿಂತ ಕೆಟಮಿನ್ ಕೊಟ್ಟವರಲ್ಲಿ ಮರುಹಂಚಿಕೆಯ ಇಳಿತವು ಕಡಮೆ. ಬೆಕ್ಕಿನ ಕುಹರದಲ್ಲಿ ಶಾಖವನ್ನು ಕಳೆದ ದ್ರವ್ಯವೇ ಮನುಷ್ಯನ ಚರ್ಮದ ನಾಳಗಳಲ್ಲಿ ಶಾಖವನ್ನು ಕಾಪಾಡುವುದು. ದ್ರವ್ಯವು ಒಂದೇ; ಫಲವನ್ನು ನಿರ್ಣಯಿಸುವುದು ಸ್ಥಾನ.

ಬಾರ್ಬಿಟೋನ್ ಜಾತಿಯ ಔಷಧಗಳೂ ಪ್ರೊಪೊಫಾಲೂ ಮಿದುಳಿನಲ್ಲಿ ಮುಖ್ಯವಾಗಿ ಗಾಬಾ ಎಂಬ ಶಮನಕಾರಿ ದ್ರವ್ಯದ ಕಾರ್ಯವನ್ನು ಬಲಪಡಿಸುವುವೆಂಬುದು ಇಂದು ಚೆನ್ನಾಗಿ ತಿಳಿದಿದೆ. ಇದು ಅಮೈನುಗಳ ಪಟ್ಟಿಯಲ್ಲಿಯೇ ಇರಲಿಲ್ಲ. ಇನ್ನು ಅರಿವಳಿಕೆಯಲ್ಲಿ ಕಾಣುವ ತಾಪವಿಕಾರಗಳೆಲ್ಲವೂ ಮಿದುಳಿನಿಂದಲೇ ಬರುವುವೆಂಬ ನಿಯಮವೂ ಇಲ್ಲ. 1960ರಲ್ಲಿ ಮೆಲ್ಬರ್ನಿನ ಡೆನ್‌ಬರೋ ಮತ್ತು ಲೊವೆಲ್ ಅವರು ವರ್ಣಿಸಿದ ಮಾರಕ ತಾಪಜ್ವರವು ಸ್ನಾಯುವಿನ ಆನುವಂಶಿಕ ದೋಷದಿಂದ ಹುಟ್ಟುವುದು; ಅಲ್ಲಿ ಹೈಪೋತಲಮಸ್ಸು ನಿರಪರಾಧಿ.

5. ಉಳಿದ ಸಾರ

ಇಷ್ಟು ಖಂಡನೆಯಾದಮೇಲೆ ಉಳಿಯುವುದೇನು? ಉಳಿಯುವುದು ಸಾಕಷ್ಟಿದೆ, ಮುಖ್ಯವಾಗಿ ನಡುಕದ ವಿಷಯದಲ್ಲಿ. ಕ್ಲೊನಿಡಿನ್, ಡೆಕ್ಸ್‌ಮೆಡೆಟೊಮಿಡಿನ್ ಎಂಬ ಔಷಧಗಳು ನಾರಡ್ರಿನಲಿನ್ನಿನ ಆಲ್ಫಾ-2 ಗ್ರಾಹಕಗಳನ್ನು ಪ್ರಚೋದಿಸುವುವು. ನಿದ್ರೆ, ಶೈತ್ಯ, ನಡುಕದ ನಿವಾರಣೆ ಇವು ಮೂರೂ ಅವುಗಳಿಂದ ಉಂಟಾಗುವುವು. 1954ರಿಂದ 1964ರವರೆಗೆ ಬೆಕ್ಕಿನಲ್ಲಿ ಕಂಡ ಮಂಕು, ಶೈತ್ಯ, ನಡುಕದ ಶಮನಗಳಿಗೂ ಇವಕ್ಕೂ ಇರುವ ಹೋಲಿಕೆಯನ್ನು ಗಮನಿಸದಿರಲಾಗದು. 2015ರಲ್ಲಿ ಲಂಡನ್ನಿನ ಫ್ರ್ಯಾಂಕ್ಸ್ ಮತ್ತು ವಿಸ್‌ಡನ್ ಅವರ ಸಂಶೋಧನಾಲಯವು ಡೆಕ್ಸ್‌ಮೆಡೆಟೊಮಿಡಿನ್ ಕೊಟ್ಟಾಗ ಇಲಿಯ ಹೈಪೋತಲಮಸ್ಸಿನ ಮುಂಭಾಗದಲ್ಲಿ ಎಚ್ಚತ್ತ ನರಕೋಶಗಳನ್ನು ಗುರುತಿಸಿತು. ಅನಂತರ ಔಷಧವಿಲ್ಲದೆಯೇ ಅವುಗಳನ್ನು ಮಾತ್ರ ಪ್ರಚೋದಿಸಲು ಪ್ರಾಣಿಯು ಮಂಕಾಯಿತು, ಅದರ ಮೈಯೂ ತಣ್ಣಗಾಯಿತು. ಹಳೆಯ ಪ್ರಯೋಗಕಾರರು ಬೆರಳಿಟ್ಟ ಜಾಗವು ಸುಳ್ಳಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿಲ್ಲ.

ಸೆರೊಟೋನಿನ್ ಪಕ್ಷದ ಫಲವು ಇಷ್ಟು ನಿರ್ಮಲವಲ್ಲ. ಅದರ ಒಂದು ಗ್ರಾಹಕವನ್ನು ತಡೆಯುವ ಒಂಡಾನ್‌ಸೆಟ್ರಾನನ್ನು ಅರಿವಳಿಕೆಗೆ ಮುಂಚೆ ಕೊಟ್ಟರೆ ಆಮೇಲಿನ ನಡುಕವು ಕಡಮೆಯಾಗುವುದೆಂದು 2000ದಲ್ಲಿ ಪವೆಲ್ ಮತ್ತು ಬಗ್ಗಿ ವರದಿಮಾಡಿದರು. ಆದರೆ 2006ರಲ್ಲಿ ಆರೋಗ್ಯವಂತರನ್ನು ತಂಪುಮಾಡಿ ಪರೀಕ್ಷಿಸಿದಾಗ ಅದೇ ಔಷಧವು ನಡುಕದ ಮೇರೆಯನ್ನು ಇಳಿಸಲಿಲ್ಲ. ಔಷಧವು ಫಲಕೊಟ್ಟ ಮಾತ್ರಕ್ಕೆ ಅದು ಫಲಕೊಟ್ಟ ದಾರಿಯು ಊಹಿಸಿದ ದಾರಿಯೇ ಎಂದು ಹೇಳಲಾಗದೆಂಬ ಪಾಠವು ಇಲ್ಲಿ ಮತ್ತೊಮ್ಮೆ ಎದುರಾಗುವುದು.

ಈ ವಿಚಾರವು ಪಂಡಿತರ ವಿನೋದವಲ್ಲ. 1996ರಲ್ಲಿ ಕುರ್ಜ್, ಸೆಸ್ಲರ್, ಲೆನ್‌ಹಾರ್ಟ್ ಅವರು ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಯಾದ 200 ಮಂದಿ ರೋಗಿಗಳನ್ನು ಪರೀಕ್ಷಿಸಿದರು. ಒಳತಾಪವು ಸುಮಾರು 34.7 ಡಿಗ್ರಿಗೆ ಇಳಿದ ಗುಂಪಿನಲ್ಲಿ ನೂರಕ್ಕೆ 19 ಮಂದಿಗೆ ಗಾಯವು ಕೀವುಗಟ್ಟಿತು; 36.6 ಡಿಗ್ರಿಯಲ್ಲಿ ಕಾಪಾಡಿದ ಗುಂಪಿನಲ್ಲಿ ನೂರಕ್ಕೆ 6 ಮಂದಿಗೆ ಮಾತ್ರ. ಶೈತ್ಯವನ್ನು ಮಿದುಳಿನ ಅಮೈನುಗಳ ಅನಿವಾರ್ಯ ಫಲವೆಂದು ಭಾವಿಸಿದ ವೈದ್ಯನು ಅದಕ್ಕೆ ಔಷಧವನ್ನು ಹುಡುಕುತ್ತ ಕೂರುವನು. ಅದು ಮುಖ್ಯವಾಗಿ ಶಾಖದ ಮರುಹಂಚಿಕೆಯೆಂದು ತಿಳಿದವನು ಅರಿವಳಿಕೆ ಕೊಡುವುದಕ್ಕೆ ಮೊದಲೇ ರೋಗಿಯ ಕೈಕಾಲುಗಳನ್ನು ಬೆಚ್ಚಗೆ ಮಾಡುವನು. ಒಳಗಿನ ಶಾಖವು ಹರಿದುಹೋಗುವುದಕ್ಕೆ ಆಗ ತಣ್ಣನೆಯ ಜಾಗವೇ ಉಳಿಯದು. ಬಡ ಆಸ್ಪತ್ರೆಯಲ್ಲಿಯೂ ಇದು ಸಾಧ್ಯ. ಇದರಲ್ಲಿಯೂ ಅತಿರೇಕ ಸಲ್ಲದು: 2022ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಬಹುಪಾಲು ಚೀನಾದವರಾದ ಸುಮಾರು 5,000 ಮಂದಿ ರೋಗಿಗಳನ್ನು 35.5 ಡಿಗ್ರಿ, 37 ಡಿಗ್ರಿ ಎಂಬ ಎರಡು ಗುರಿಗಳಿಗೆ ಹಂಚಲಾಗಿ, ಮುಂದಿನ 30 ದಿನಗಳ ಮುಖ್ಯ ಅಪಾಯಗಳಲ್ಲಿ ವ್ಯತ್ಯಾಸವು ಕಾಣಲಿಲ್ಲ. ತೀವ್ರವಾದ ಶೈತ್ಯವನ್ನು ತಪ್ಪಿಸುವುದು ಅವಶ್ಯ. ಒಂದೊಂದು ಡಿಗ್ರಿಯ ಹಿಂದೆಯೂ ಓಡುವುದು ಅವಶ್ಯವಲ್ಲ.

ಒಟ್ಟಿನಲ್ಲಿ, 1964ರ ಕಲ್ಪನೆಯಲ್ಲಿ ಬಿದ್ದುಹೋದುದು ಅದರ ತಕ್ಕಡಿ. ಎರಡು ಅಮೈನುಗಳ ತೂಕದಿಂದ ಇಡೀ ಶರೀರದ ತಾಪವನ್ನು ಲೆಕ್ಕಹಾಕುವ ಸರಳತೆಯು ಕುರಿಮೊಲಗಳ ಮುಂದೆಯೂ ಮನುಷ್ಯನ ಕೈಕಾಲುಗಳ ಮುಂದೆಯೂ ನಿಲ್ಲಲಿಲ್ಲ. ನಿಂತುದು ಅದರ ಪ್ರಶ್ನೆ: ಪ್ರಜ್ಞೆಯನ್ನು ಮುಚ್ಚುವ ಔಷಧವೂ ತಾಪವನ್ನು ಆಳುವ ನರಕೋಶವೂ ಮಿದುಳಿನ ಯಾವ ದ್ರವ್ಯದಲ್ಲಿ, ಯಾವ ಸ್ಥಾನದಲ್ಲಿ ಸಂಧಿಸುವುವು? ಕೆಲವು ಔಷಧಗಳ ಮಟ್ಟಿಗೆ ಅದಕ್ಕೆ ನಾರಡ್ರಿನಲಿನ್ನಿನ ಗ್ರಾಹಕವೇ ಉತ್ತರವೆಂದು ತಿಳಿದಿದೆ. ಉಳಿದುವಕ್ಕೆ ಉತ್ತರವು ಬೇರೆ. ದ್ರವ್ಯದ ಹೆಸರನ್ನು ಮಾತ್ರ ಹೇಳಿ, ಸ್ಥಾನವನ್ನೂ ಪ್ರಾಣಿಯನ್ನೂ ಸುತ್ತಣ ಹವೆಯನ್ನೂ ಹೇಳದ ಯಾವ ಸಿದ್ಧಾಂತವನ್ನೂ ಈ ಕ್ಷೇತ್ರದಲ್ಲಿ ಪೂರ್ತಿಯಾಗಿ ನಂಬತಕ್ಕುದಲ್ಲವೆಂಬುದು ಈ ಅರವತ್ತು ವರ್ಷಗಳ ಚರ್ಚೆಯಿಂದ ಸಿದ್ಧವಾಗುವ ಮಾತು.